ತುಂಬು ಬಿಡಿಸುವುದು

ಬ್ಯಾಡಗಿ
12-2-1989

ಗುರುಗಳಿಗೆ ನಮಸ್ಕಾರಗಳು.

‘ತಾಯಿಯ ಕಾಯಕ’ ಪ್ರಬಂಧದಲ್ಲಿ ನಾನು, ‘ಅವ್ವ ಮೆಣಸಿನಕಾಯಿ ತುಂಬು ಬಿಡಿಸುತ್ತಾಳೆ’ ಎಂದು ಬರೆದಿದ್ದೆ. ತಾವು ಕೆಂಪು ಶಾಯಿಯಲ್ಲಿ, ‘ತುಂಬುತ್ತಾಳೋ, ಬಿಡಿಸುತ್ತಾಳೋ? ತಿದ್ದದಿದ್ದರೆ ಸೊನ್ನೆ’ ಎಂದು ಬರೆದಿದ್ದೀರಿ. ಮೈಸೂರು ಕಡೆಯ ತಾವು ತೊಟ್ಟು ಎನ್ನುವುದನ್ನೇ ನಾವಿಲ್ಲಿ ತುಂಬು ಎನ್ನುತ್ತೇವೆ.

ತಾವು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ನಕ್ಕಳು: “ನಿಮ್ಮ ಮಾಸ್ತರಿಗೆ ಒಂದ್ ಚೀಲ ಕಾಯಿ ಕೊಡವಾ. ಬಿಡಿಸಿದ್ರ ತಾನ ತಿಳೀತೈತಿ.” ಆಮೇಲೆ ಮೆಲ್ಲಗೆ, “ಬ್ಯಾಡ, ಅವರು ಹೇಳಿದಂಗ ಬರಿ. ನಪಾಸಾದೀ,” ಎಂದಳು.

ಈ ಒಂದು ಸಲ ಅವಳ ಮಾತು ಮೀರಿದ್ದೇನೆ. ಹೊಸ ಪ್ರತಿ ಲಗತ್ತಿಸಿದ್ದೇನೆ. ಅದರ ತುಂಬ ತುಂಬೇ ಇದೆ. ದಯವಿಟ್ಟು ಇನ್ನೊಮ್ಮೆ ಓದಬೇಕು. ಆಮೇಲೂ ಸೊನ್ನೆಯೇ ಆದರೆ ಕೊಡಿ. ‘ತು’ ಪಕ್ಕ ಸೊನ್ನೆಯಿಲ್ಲದೆ ‘ತುಂಬು’ ಬರೆಯಲು ನನಗೂ ಬರುವುದಿಲ್ಲ.

ಗುತ್ತೆವ್ವನ ಮಗಳು
ಕಸ್ತೂರಿ, ಬಿ.ಎ. ಮೊದಲ ವರ್ಷ