ಮೂರನೆಯ ಆಟ ಸೋಲಬೇಕಂತೆ

ಉಮರ್ಗಾ
ಶುಕ್ರವಾರ, 14 ನವೆಂಬರ್ 2025

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರೂ ನೀನು ಮಾಳಿಗೆಗೆ ಹೋಗಿ ಶಾವಿಗೆ ಒಣಹಾಕುತ್ತೀಯಂತೆ, ಮಾಮಾ ದೂರು ಹೇಳಿದರು. ಅವರ ಸಕ್ಕರೆ ಹತೋಟಿಯಲ್ಲಿದೆಯೇ? ಈ ಕಾಗದ ನಿನ್ನ ಕೈಗೆ ಕೊಟ್ಟ ಹುಡುಗಿಯನ್ನು ಮೊದಲು ಒಳಗೆ ಕರೆದುಕೋ, ಬಾಗಿಲು ಹಾಕು, ಏನಾದರೂ ತಿನ್ನಲು ಕೊಡು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ. ಹೆಸರು ಪ್ರಾಜಕ್ತಾ. ಅವಳ ತಾಯಿ ಭಾಲ್ಕಿ ಕಡೆಯವಳು, ಕನ್ನಡ ಚೆನ್ನಾಗಿ ಬರುತ್ತದೆ, ಮರಾಠಿಯಲ್ಲಿ ಮಾತಾಡಿ ದಣಿಯಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆಫೀಸಿನಲ್ಲಿ ನನ್ನ ಫೋನು ಮೇಜಿನ ಮೇಲೇ ಬಿದ್ದಿರುತ್ತದೆ, ಅದನ್ನು ತೆರೆಯುವ ನಂಬರು ನಾವು ಮೂವರು ಪಾಲುದಾರರಿಗೂ ಗೊತ್ತು. ಈಗ ಅದನ್ನು ಮುಟ್ಟಲೂ ಅಂಜಿಕೆ.

ನನ್ನ ಉದ್ಯೋಗದ ಬಗ್ಗೆ ನೀನು ಯಾವಾಗಲೂ ನಗುತ್ತಿದ್ದೆ. 'ಮಂದಿ ಅಂಗಡಿಗಿ ಬಂಡವಾಳ ಹಾಕ್ತಾರ, ನೀ ಆಟಕ್ಕ ಹಾಕ್ತಿ' ಅನ್ನುತ್ತಿದ್ದೆ. ನಮ್ಮದು ಸಣ್ಣ ಸಂಸ್ಥೆ. ನಾನು, ನಮ್ಮ ತಮ್ಮ ಅಮರನಾಥ, ಅರಿವೆ ಅಂಗಡಿಯ ವಿಶ್ವನಾಥಪ್ಪ ಕಾಕಾ, ಮೂವರೇ. ಈಗಷ್ಟೇ ಕಣ್ಣು ತೆರೆಯುತ್ತಿರುವ ಕಂಪನಿಗಳಿಗೆ ಮೊದಲ ಬಂಡವಾಳ ಕೊಟ್ಟು ಪಾಲು ತೆಗೆದುಕೊಳ್ಳುತ್ತೇವೆ. ನಿಲಂಗಾದಲ್ಲಿ ಸ್ವಪ್ನಾಲಿ ಎಂಬ ಹುಡುಗಿ ಶಾಲೆಯ ಬಸ್ಸು ಎಲ್ಲಿದೆ ಎಂದು ತಾಯಂದಿರಿಗೆ ತೋರಿಸುವ ಸಾಫ್ಟ್‌ವೇರ್ ಮಾಡಿದ್ದಾಳೆ, ಅದು ನಮ್ಮದೇ. ಉದಗೀರಿನಲ್ಲಿ ಒಂದು ಇ-ಸ್ಪೋರ್ಟ್ಸ್ ತಂಡವಿದೆ, ಅದೂ ನಮ್ಮದು. ಐದು ಜನ ಕಂಪ್ಯೂಟರಿನ ಮುಂದೆ ಕೂತು ಇನ್ನೊಂದು ತಂಡದ ಐದು ಜನರ ಜೊತೆ ಆಡುತ್ತಾರೆ, ಲಕ್ಷಾಂತರ ಜನ ನೋಡುತ್ತಾರೆ. ಆ ತಂಡದ ನಾಯಕಿ ಈ ಪ್ರಾಜಕ್ತಾ. ವಲಾಂಡಿಯ ದರ್ಜಿಯ ಮಗಳು, ಇಪ್ಪತ್ತು ವರ್ಷ. ಈ ಭಾನುವಾರ ಹೈದರಾಬಾದಿನಲ್ಲಿ ಇವರ ಫೈನಲ್, ಒಂದರ ಮೇಲೊಂದು ಹಲವು ಆಟ ಇರುತ್ತವೆ.

ಮಂಗಳವಾರ ಮಧ್ಯಾಹ್ನ ನಾನೊಬ್ಬಳೇ ಆಫೀಸಿನಲ್ಲಿದ್ದೆ. ಬಿಳಿ ಕಾರಿನಲ್ಲಿ ಇಬ್ಬರು ಬಂದರು. ನಮಸ್ಕಾರ ಹೇಳಿದರು, ಚಹಾ ಕುಡಿದರು, ಕಪ್ಪಿನ ಕೆಳಗೆ ಕಲೆಯಾಗದಂತೆ ಕಾಗದ ಕೂಡ ಇಟ್ಟುಕೊಂಡರು. ಅಷ್ಟು ಸಭ್ಯರು. ಆಮೇಲೆ ವಯಸ್ಸಾದವನು ಹೇಳಿದ: 'ಬಾಯಿ, ನಿಮ್ಮ ಹುಡುಗಿಗಿ ಮೂರನೇ ಆಟದಾಗ ಜರಾ ಆಹಿಸ್ತಾ ಆಡ್ಲಕ್ ಹೇಳ್ರಿ. ಮ್ಯಾಲಿನ ಮಂದಿ ಭಾಳ ದುಡ್ಡ ಕಟ್ಯಾರ.' ಬೇಕೆಂದೇ ಸೋಲಬೇಕು, ಆ ಸೋಲಿನ ಮೇಲೆ ಬಾಜಿ ಕಟ್ಟಿದ್ದಾರೆ ಎಂದು ಅರ್ಥ. ನಾನು ಉತ್ತರ ಕೊಡುವ ಮೊದಲೇ ಎರಡು ಫೋಟೊ ಮೇಜಿನ ಮೇಲಿಟ್ಟ. ಒಂದರಲ್ಲಿ ಪ್ರಾಜಕ್ತಾ ವಲಾಂಡಿಯಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಾಳೆ. ಇನ್ನೊಂದರಲ್ಲಿ ನನ್ನ ಮಗಳು ವೈಷ್ಣವಿ ಕಾಲೇಜಿನ ಗೇಟಿನ ಬಳಿ ಗೆಳತಿಯ ಜೊತೆ ಪೇರಲ ಹಣ್ಣು ತಿನ್ನುತ್ತಿದ್ದಾಳೆ. ಅಕ್ಕಾ, ಆ ಫೋಟೊದಲ್ಲಿ ಅವಳು ನಗುತ್ತಿದ್ದಳು.

ನಿನ್ನ ಮುಂದೆ ಮುಚ್ಚಿಡುವುದೇನು, ನಾನು ಸೋತುಬಿಟ್ಟೆ. ಸಂಜೆಯೇ ಪ್ರಾಜಕ್ತಾಳಿಗೆ ಫೋನು ಮಾಡಿ, ಒಂದು ಆಟ ಬಿಟ್ಟುಕೊಡು ಮಗಳೇ ಎಂದೆ. 'ಕಾಕೂ, ಅವ್ರು ನನಗೂ ಫೋನ್ ಮಾಡಿದ್ರು. ನಾ ಎಲ್ಲ ರೆಕಾರ್ಡ್ ಮಾಡೀನಿ, ಆಟ ನಡಸೋರಿಗಿ ಕಳಸೀನಿ. ನಾ ಸೋತ್ರ ಉಳದ ನಾಕ್ ಮಂದಿನೂ ಸೋತಂಗ. ಅವ್ರಿಗಿ ಏನ್ ಹೇಳ್ಲಿ?' ಎಂದಳು. ನನ್ನ ಅರ್ಧ ವಯಸ್ಸಿನವಳು. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ.

ರೆಕಾರ್ಡಿನ ಸಂಗತಿ ಬುಧವಾರ ಮಧ್ಯಾಹ್ನ ಅಮರನಿಗೂ ಕಾಕಾನಿಗೂ ಹೇಳಿದೆ, ಬೇರೆ ಯಾರಿಗೂ ಇಲ್ಲ. ಸಂಜೆ ಐದಕ್ಕೆ ಉದಗೀರಿನಲ್ಲಿ ತಂಡದ ಕೋಣೆಯ ಬೀಗ ಒಡೆದು ಕಂಪ್ಯೂಟರುಗಳನ್ನೆಲ್ಲ ಪುಡಿ ಮಾಡಿದ್ದರು. ಪ್ರಾಜಕ್ತಾ ಕೂರುವ ಕುರ್ಚಿಯನ್ನು ಮಾತ್ರ ಹೊರಗೆ ತಂದು ರಸ್ತೆಯ ನಡುವೆ ಇಟ್ಟಿದ್ದರು. ಹುಡುಗರು ಆಗಷ್ಟೇ ಚಹಾಕ್ಕೆ ಹೋಗಿದ್ದರಿಂದ ಉಳಿದರು. ನಾನು ಪೊಲೀಸರಿಗೆ ದೂರು ಕೊಟ್ಟೆ, ಅವರು ಬಂದು ಪಂಚನಾಮೆ ಮಾಡಿದರು. ವೈಷ್ಣವಿಯನ್ನು ನಮ್ಮ ಮನೆಯವರ ಜೊತೆ ಲಾತೂರಿಗೆ ಕಳಿಸಿದೆ. ಉಳಿದ ನಾಲ್ವರು ಹೈದರಾಬಾದ್ ಸೇರಿದ್ದಾರೆ. ಪ್ರಾಜಕ್ತಾಳನ್ನು ಮಾತ್ರ ಗುಟ್ಟಾಗಿ ನಮ್ಮ ಮಾಳಿಗೆಯ ಕೋಣೆಯಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನದ ಮಾತು ಸಂಜೆಯೊಳಗೆ ಅವರ ಕಿವಿಗೆ ಹೇಗೆ ಹೋಯಿತು? ಕಾಕಾ ಮೊದಲಿನಿಂದಲೂ ಸೋತುಬಿಡೋಣ ಅನ್ನುವವರು. 'ಒಂದ್ ಆಟ ಸೋತ್ರ ಆಕಾಶ ಹರದು ಬೀಳ್ತದೇನು ಸುಗಂಧಾ? ಮನ್ಯಾಗ ಹೆಣ್ಣಮಗಳು ಅದಾಳ' ಎಂದು ಕೈಮುಗಿದು ಹೇಳಿದರು. ಅಮರ ಮಾತ್ರ ನನ್ನ ಪಕ್ಕ ಕೂತು ನಿಂಬೆ ಶರಬತ್ತು ಮಾಡಿಕೊಟ್ಟು 'ಅಕ್ಕಾ, ಅಂಜಬ್ಯಾಡ, ನಾ ಇದ್ದೀನಲ್ಲ' ಎಂದ. ಅಮ್ಮ ಹೋದಾಗ ಏಳು ವರ್ಷದ ಅವನನ್ನು ನೀನು ಕಂಕುಳಲ್ಲಿ ಎತ್ತಿಕೊಂಡಿದ್ದು ನೆನಪಾಯಿತು. ಬಹಳ ಸೊರಗಿದ್ದಾನೆ.

ಆದರೂ ನಿನ್ನೆ ಒಂದು ಕೆಟ್ಟ ಕೆಲಸ ಮಾಡಿದೆ. ಹುಡುಗಿ ಲೋಹಾರಾದಲ್ಲಿ ನಮ್ಮ ಪರಿಚಯದವರ ಕಿರಾಣಿ ಅಂಗಡಿಯ ಹಿಂದಿದ್ದಾಳೆ ಎಂದು ಕಾಕಾನಿಗೆ ಹೇಳಿದೆ. ನಿಲಂಗಾದಲ್ಲಿ ಸ್ವಪ್ನಾಲಿಯ ಕೋಣೆಯಲ್ಲಿದ್ದಾಳೆ ಎಂದು ಅಮರನಿಗೆ ಹೇಳಿದೆ. ಎರಡೂ ಕಡೆಯವರಿಗೆ ಮೊದಲೇ ಎಚ್ಚರಿಸಿದ್ದೇನೆ. ಸ್ವಪ್ನಾಲಿ ಕೋಣೆಗೆ ಬೀಗ ಹಾಕಿ ಎದುರು ಮನೆಯಲ್ಲಿ ಕೂತಿದ್ದಾಳೆ. ಇಲ್ಲಿಯತನಕ ಎರಡೂ ಕಡೆ ಯಾರೂ ಬಂದಿಲ್ಲ. ಬಾರದೇ ಇರಲಿ, ನಾನೇ ಪಾಪಿ ಅನ್ನಿಸಿಕೊಳ್ಳಲಿ ಎಂದು ಬೆಳಿಗ್ಗೆ ಇಷ್ಟಲಿಂಗ ಕೈಯಲ್ಲಿ ಹಿಡಿದು ಬೇಡಿಕೊಂಡೆ.

ಪ್ರಾಜಕ್ತಾ ಮುಖ ಕಾಣದಂತೆ ಓಢಣಿ ಹೊದ್ದು, ಹೆದ್ದಾರಿಯ ಹೈದರಾಬಾದ್ ಬಸ್ಸು ಹತ್ತಿ, ನಿಮ್ಮ ಹುಮನಾಬಾದಿನಲ್ಲಿ ಇಳಿಯುತ್ತಾಳೆ. ನಾನು ಜೊತೆಗೆ ಬಂದರೆ ಆ ಬಿಳಿ ಕಾರೂ ಹಿಂದೆ ಬರುತ್ತದೆ. ಅದಕ್ಕೇ ಇಡೀ ದಿನ ಆಫೀಸಿನ ಕಿಟಕಿಯ ಬಳಿ ಎಲ್ಲರಿಗೂ ಕಾಣುವಂತೆ ಕೂತಿರುತ್ತೇನೆ. ನಾಳೆ ಸಂಜೆ ಆಟ ನಡೆಸುವವರು ಒಬ್ಬ ಹೆಣ್ಣುಮಗಳ ಜೊತೆ ನಿನ್ನ ಮನೆಗೆ ಗಾಡಿ ಕಳಿಸುತ್ತಾರೆ. ಆ ಹೆಣ್ಣುಮಗಳ ಫೋಟೊ ಪ್ರಾಜಕ್ತಾಳ ಹತ್ತಿರ ಇದೆ, ಮುಖ ಹೋಲಿಸಿ ನೋಡಿ ಕಳಿಸು.

ಮಾಮಾನವರಿಗೆ ನನ್ನ ಶರಣು. ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ ಎಂದುಕೋ.

ನಿನ್ನ ತಂಗಿ,
ಸುಗಂಧಾ

ತಾ.ಕ.: ಹುಡುಗಿ ಚಪ್ಪಲಿ ಮೆಟ್ಟುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅವಳ ಫೋನಿಗೆ ಸ್ವಪ್ನಾಲಿ ಕರೆ ಮಾಡಿದಳು. ಬಿಳಿ ಕಾರು ನಿಲಂಗಾಕ್ಕೆ ಬಂದಿದೆ, ಸ್ವಪ್ನಾಲಿಯ ಕೋಣೆಯ ಬಾಗಿಲು ಒದೆಯುತ್ತಿದ್ದಾರಂತೆ. ಲೋಹಾರಾಕ್ಕೆ ಯಾರೂ ಹೋಗಿಲ್ಲ. ನಿಲಂಗಾ ಎಂದು ನಾನು ಹೇಳಿದ್ದು ಅಮರನೊಬ್ಬನಿಗೇ. ಅವನನ್ನೂ ಹೆದರಿಸಿದ್ದಾರೋ, ಆಸೆ ತೋರಿಸಿದ್ದಾರೋ ತಿಳಿಯದು. ಹುಡುಗಿ ಅಲ್ಲಿ ಸಿಗಲಿಲ್ಲವೆಂದರೆ ನಾನು ಅವಳನ್ನು ಎಲ್ಲಿಗೆ ಕಳಿಸಿಯೇನು ಎಂದು ಅವನಿಗೆ ಹೊಳೆಯದೇ ಇರುವುದಿಲ್ಲ. ಅಕ್ಕಾ, ಅಮರ ಬಂದರೆ ಬಾಗಿಲು ತೆಗೆಯಬೇಡ. ಹೊರಗೆ ನಿಂತು 'ಅಕ್ಕಾ' ಎಂದರೆ ನಿನ್ನ ಕೈ ತಾನಾಗಿಯೇ ಚಿಲಕಕ್ಕೆ ಹೋಗುತ್ತದೆ, ನನಗೆ ಗೊತ್ತು. ತೆಗೆಯಬೇಡ.