ಪಿನ್ ಹೊಡೆದ ಪುಟಗಳು

ದೀನಾ,

ನೀನು ತೀರಿಹೋದಮೇಲೆ ಮೊದಲ ಸಲ ನಿನ್ನ ಮಗಳು ನಿತ್ಯಾ ಇವತ್ತು ನಮ್ಮ ಭಾನುವಾರದ ಕಾಮಿಕ್ಸ್ ಕೂಟಕ್ಕೆ ಬಂದಿದ್ದಳು. ನನ್ನ ಬನಿಯನ್ ಕಂಪನಿಯ ಮಹಡಿಯಲ್ಲಿ ಪುಸ್ತಕಗಳು ಈಗಲೂ ಬನಿಯನ್ ಕವರಿನಲ್ಲೇ ಇವೆ, ನೀನು ಅಂಟಿಸಿದ ಸೈಜ್ ಚೀಟಿಗಳ ಸಮೇತ. ಹೊಸ ಓದುಗರಿಗೆ ಎಪ್ಪತ್ತೈದರ ಸೈಜು, ಎದೆ ಗಟ್ಟಿ ಇದ್ದವರಿಗೆ ನೂರು.

“ಮಾಮಾ, ಮೊದ್ಲು ಯಾವ್ದು ಓದ್ಲಿ?”

ಗಿರಾಕಿಯ ಅಳತೆ ಕಣ್ಣಲ್ಲೇ ತಿಳಿಯುತ್ತದೆ ಎಂಬ ಜಂಬ ನನಗೆ. ಎಪ್ಪತ್ತೈದರಲ್ಲಿ ಒಬ್ಬ ಹಾರುವ ವೀರನನ್ನು ಕೊಟ್ಟೆ. ಅವಳು ಅದನ್ನು ಬದಿಗಿಟ್ಟು ನೂರರ ಕವರು ಎಳೆದಳು.

“ಅಪ್ಪ ಜಗಳ ಆಡಿದ್ದು ಇದಕ್ಕೆ ತಾನೇ?”

ಅದಕ್ಕೇ. ಮುಸುಕಿನ ವೀರ ಆಸ್ಪತ್ರೆಯಲ್ಲಿ ಸಾಯುವ, ಅವನ ಜೀವದ ಗೆಳೆಯ ನೋಡಲೂ ಬಾರದ ಕಥೆ. “ಕೂಟಾಳಿ ಕೊನೇವರೆಗೂ ನೋಡಕ್ಕೆ ಬರ್ದೇ ಇರ್ತಾನೇನೋ? ಸುಳ್ಳು ಕಥೆ!” ಎಂದು ಕೂಗಿ, ಕೊನೆಯ ಪುಟಗಳನ್ನು ಯಾರೂ ತೆರೆಯದಂತೆ ಪಿನ್ ಹೊಡೆದು ಎದ್ದುಹೋದವನು ನೀನು. ಕಥೆ ಸರಿಯಾಗಿದೆ ಎಂದು ವಾದಿಸಿದವನು ನಾನೊಬ್ಬನೇ. ಆಮೇಲೆ ನೀನು ಕೂಟಕ್ಕೆ ಬರಲಿಲ್ಲ, ಆಸ್ಪತ್ರೆ ಸೇರಿದೆ.

“ಪಿನ್ ಯಾಕೆ ಮಾಮಾ?”

“ಪುಟ ಹರಿದಿತ್ತು, ಪಾಪಾ.”

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಉಡುಮಲೈಪೇಟೆ ಬಸ್ಸು ಹತ್ತಿದಳು. ದಾರಿ ಉದ್ದ, ಪಿನ್ ಬಿಚ್ಚಲು ಉಗುರು ಸಾಕು. ಅವಳ ಕರೆ ಬರುತ್ತದೇನೋ ಎಂದು ನಾನು ಫೋನ್ ನೋಡುತ್ತಾ ಕೂತಿದ್ದೇನೆ. ಆಸ್ಪತ್ರೆಯಲ್ಲಿ ದಿನವೂ ನಿನ್ನ ಪಕ್ಕ ಇದ್ದವಳು ಅವಳೇ ಅಲ್ಲವೇ. ನಿನ್ನನ್ನು ನೋಡಲು ಯಾರು ಯಾರು ಬಂದರು, ಯಾರು ಬರಲೇ ಇಲ್ಲ ಎಂದು ಅವಳಿಗೆ ಗೊತ್ತು.

ರಾಜ್‌ಕುಮಾರ್