ಒಂದೇ ಚೀಲದ ಕೂದಲು

ನವೆಂಬರ್ ೧೪, ಗುರುವಾರ. ಪ್ರಿನ್ಸ್ ಆಲ್ಬರ್ಟ್, ಕೆನಡಾ.

ಇವತ್ತೂ ಬಾಚಣಿಗೆ ತುಂಬ ಕೂದಲು. ನರ್ಸ್ ಡೋರೀನ್ ಬೈತಲೆ ಸರಿಸಿ ನೋಡಿ, "ದಿನಕ್ಕೆ ನೂರರವರೆಗೂ ಎಲ್ರಿಗೂ ಉದುರುತ್ತೆ ಕಣೇ. ನಿಮ್ಮಮ್ಮ ಹೋಗಿ ಮೂರು ತಿಂಗಳಾಯ್ತಲ್ಲ, ಆ ಪೆಟ್ಟು ಈಗ ತಲೆಗೆ ಬಂದಿದೆ. ಮತ್ತೆ ಬೆಳೆಯುತ್ತೆ. ಬೈತಲೆ ಅಗಲ ಆದ್ರೆ, ಎಲ್ಲಾದ್ರೂ ಬೋಳಾದ್ರೆ ಬಾ" ಅಂದಳು.

ನಮ್ಮ ಕ್ರೀ ಮೂಲನಿವಾಸಿಗಳ ಮನೆಯಲ್ಲಿ ಉದುರಿದ ಕೂದಲನ್ನು ಕಸಕ್ಕೆ ಹಾಕುವುದಿಲ್ಲ, ಕೂಡಿಟ್ಟು ಸುಡುತ್ತೇವೆ. ಅಮ್ಮನದೂ ನನ್ನದೂ ಒಂದೇ ಕಾಗದದ ಚೀಲ, ಈಗ ತುಂಬಿದೆ. ತಂಗಿ ವರ್ನಾ ಫೋನಿನಲ್ಲಿ ಚುಚ್ಚಿದಳು: "ಇನ್ನೂ ಸುಟ್ಟಿಲ್ವಾ? ದಿಂಬು ಹೊಲಿತೀಯಾ?"

ಒಲೆ ಹೊತ್ತಿಸಿ ಚೀಲ ಬಿಚ್ಚಿದೆ. ಮೇಲೆಲ್ಲ ನನ್ನ ಕಪ್ಪು ಕೂದಲು. ತಳದಲ್ಲಿ ಅಮ್ಮನ ಬಿಳಿ ಎಳೆಗಳು. ಬಿಡಿಸುತ್ತಾ ಕೂತೆ, ಒಲೆ ಆರಿಹೋಯಿತು. ನನ್ನದು ನಾಳೆಯೂ ನೂರು ಉದುರುತ್ತದೆ. ಅವಳದು ಇನ್ನು ಇಷ್ಟೇ.